ದೂರು ಸ್ವೀಕೃತವಾಗಿದೆ, ಉತ್ತರಿಸುವವರಿಲ್ಲ

ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ. ಕಂಡ ಬೆಳೆ, ಕೂಲಿ, ಧಾರಣೆ, ಮಣ್ಣು, ಮಗ್ಗಗಳ ವಿವರಗಳನ್ನೆಲ್ಲ ಬರೆದಿಟ್ಟ. ಅವು ಮೂರು ಸಂಪುಟಗಳಾಗಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಆ ಸಂಪುಟಗಳ ಹೆಸರನ್ನು ಪ್ರಾಧ್ಯಾಪಕರ ಬಾಯಿಂದ ಕೇಳಿದ್ದೆನೇ ಹೊರತು ಕಣ್ಣಿನಿಂದ ಕಂಡಿರಲಿಲ್ಲ. ಇಂದು ಆ ಮೂರೂ ನನ್ನ ಮೇಜಿನ ಮೇಲಿನ ಟ್ಯಾಬ್ಲೆಟ್‌ನಲ್ಲಿವೆ. ಒಂದು ರೂಪಾಯಿಯ ಖರ್ಚಿಲ್ಲ, ಯಾರ ಶಿಫಾರಸೂ ಬೇಕಾಗಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳೂ 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ನಿಘಂಟೂ ಹಾಗೆಯೇ ದೊರೆತವು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ, ಒಂದೂವರೆ ಲಕ್ಷ ಪದಗಳನ್ನು ಮೀರಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಯಾವುದೋ ಪದದ ಅರ್ಥ ನೋಡಲು ಹೋಗಿ, ಅಲ್ಲಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಜಿಗಿಯುತ್ತ ಒಂದು ಗಂಟೆ ಕಳೆದುಹೋದುದು ಎಷ್ಟೋ ಬಾರಿ. ನಿವೃತ್ತನಿಗೆ ಇದಕ್ಕಿಂತ ಸುಖದ ಕಾಲಹರಣ ಬೇರೊಂದಿಲ್ಲ.

ವಿದ್ವತ್ತಿನ ಮಾತು ಹಾಗಿರಲಿ, ದಿನನಿತ್ಯದ ಲೌಕಿಕವೂ ಹಗುರವಾಗಿದೆ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ‘ನಾನಿನ್ನೂ ಬದುಕಿದ್ದೇನೆ’ ಎಂದು ಸಾಬೀತುಪಡಿಸಲು ಬ್ಯಾಂಕಿನ ಮುಂದೆ ಸಾಲುಗಟ್ಟಬೇಕಾಗಿತ್ತು. 2014ರಲ್ಲಿ ಜೀವನ್ ಪ್ರಮಾಣ್ ಬಂತು. 2021ರಿಂದ ಮೊಬೈಲಿನ ಕ್ಯಾಮೆರಾಕ್ಕೆ ಮುಖ ತೋರಿಸಿದರೂ ಸಾಕಾಗಿದೆ. ನಮ್ಮ ರಾಜ್ಯದ ಭೂಮಿ ಯೋಜನೆ 2000ದ ಸುಮಾರಿಗೆ ಪಹಣಿಯನ್ನು ಗ್ರಾಮಲೆಕ್ಕಿಗರ ಕೈಬರಹದಿಂದ ಬಿಡಿಸಿ ಗಣಕಯಂತ್ರಕ್ಕೆ ತಂದಾಗ, ಹದಿನೈದು ರೂಪಾಯಿ ಕೊಟ್ಟು ಪ್ರತಿ ಪಡೆದ ರೈತನ ಮುಖದ ಮೇಲಿನ ಅಪನಂಬಿಕೆಯನ್ನು ನಾನು ತಾಲ್ಲೂಕು ಕಚೇರಿಯ ಕಿಟಕಿಯ ಒಳಬದಿಯಿಂದ ನೋಡಿದವನು. ಆದುದರಿಂದ ಮುಂದೆ ಹೇಳಲಿರುವುದನ್ನು, ಹಳೆಯ ಕಾಲವೇ ಚೆನ್ನಾಗಿತ್ತೆನ್ನುವ ಮುದುಕನ ಗೊಣಗಾಟವೆಂದು ಓದುಗರು ತಿಳಿಯಬಾರದು. ಹೊಸ ಆ್ಯಪ್ ಬಂದರೆ ಮೊಮ್ಮಗನಿಗಿಂತ ಮೊದಲು ಇಳಿಸಿಕೊಳ್ಳುವವನು ನಾನು.

ನನ್ನ ತಕರಾರು ಇರುವುದು ಒಂದೇ ಸಂಗತಿಯ ಬಗ್ಗೆ. ಹಣ ಪಡೆಯುವ ಯಂತ್ರ ಮಿಂಚಿನ ವೇಗದಲ್ಲಿ ಓಡುತ್ತದೆ. ಅದೇ ಸಂಸ್ಥೆಯಲ್ಲಿ ಉತ್ತರ ಕೊಡಬೇಕಾದ ಮನುಷ್ಯ ಎಲ್ಲಿಯೂ ಸಿಗುವುದಿಲ್ಲ. ಈ ಅಸಮತೋಲನವನ್ನು ನಾವು ಕಿರಿಕಿರಿಯೆಂದು ಭಾವಿಸಿ ಸುಮ್ಮನಾಗುತ್ತಿದ್ದೇವೆ. ಅದು ಕಿರಿಕಿರಿಯ ಹಂತವನ್ನು ದಾಟಿ, ಜನರ ಉಳಿತಾಯವನ್ನು ಕಳ್ಳರ ಕೈಗೆ ಒಪ್ಪಿಸುವ ಹಂತಕ್ಕೆ ಬಂದು ನಿಂತಿದೆ.

ಮೊದಲು ಕಿರಿಕಿರಿಯ ಒಂದು ಮಾದರಿ. ಮನೆಯ ನೀರು ಶುದ್ಧೀಕರಣ ಯಂತ್ರದ ವಾರ್ಷಿಕ ನಿರ್ವಹಣೆಗೆಂದು, ತೆರಿಗೆಯೂ ಸೇರಿ 2,360 ರೂಪಾಯಿಯನ್ನು ಅದರ ತಯಾರಕ ಸಂಸ್ಥೆಯ ಆ್ಯಪ್ ಮೂಲಕ ಯುಪಿಐನಲ್ಲಿ ಕಟ್ಟಿದೆ. ಹಣ ಖಾತೆಯಿಂದ ಹೋಯಿತು, ‘ವಹಿವಾಟು ಯಶಸ್ವಿ’ ಎಂದು ಬ್ಯಾಂಕ್ ಹೇಳಿತು. ಆದರೆ ಸಂಸ್ಥೆಯ ದಾಖಲೆಯಲ್ಲಿ ನನ್ನ ಒಪ್ಪಂದ ನವೀಕರಣವಾಗಲೇ ಇಲ್ಲ. ಆ್ಯಪ್‌ನಲ್ಲಿ ‘ಸಹಾಯ’ ಎಂಬ ಗುಂಡಿಯನ್ನು ಒತ್ತಿದರೆ ಹೆಣ್ಣು ಹೆಸರಿನ ಚಾಟ್‌ಬಾಟ್ ಒಂದು ಪ್ರತ್ಯಕ್ಷವಾಗಿ ಆರು ಆಯ್ಕೆಗಳನ್ನು ಮುಂದಿಟ್ಟಿತು. ನನ್ನ ಸಮಸ್ಯೆ ಆ ಆರರಲ್ಲಿರಲಿಲ್ಲ. ‘ಇತರೆ’ ಒತ್ತಿದೆ, ಯಂತ್ರದ ಮಾದರಿ ಸಂಖ್ಯೆ ಕೇಳಿತು, ಕೊಟ್ಟೆ, ಫಿಲ್ಟರ್ ಬದಲಿಸುವುದು ಹೇಗೆಂಬ ವಿಡಿಯೊ ಒಂದನ್ನು ತೋರಿಸಿ, ‘ನಿಮ್ಮ ಸಮಸ್ಯೆ ಪರಿಹಾರವಾಯಿತೇ?’ ಎಂದು ವಿಚಾರಿಸಿತು. ‘ಇಲ್ಲ’ ಎಂದೊಡನೆ ಮತ್ತೆ ಅದೇ ಆರು ಆಯ್ಕೆಗಳು.

ದೂರವಾಣಿಯ ದಾರಿ ಇನ್ನೂ ಉದ್ದ. ಭಾಷೆಗೆ ಒಂದು ಅಂಕಿ, ಉತ್ಪನ್ನಕ್ಕೆ ಒಂದು ಅಂಕಿ, ಸೇವೆಗೆ ಒಂದು ಅಂಕಿ ಒತ್ತಿದ ಮೇಲೆ, ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬ ಯಂತ್ರಧ್ವನಿಯೂ ಕೊಳಲಿನ ಒಂದು ತುಣುಕೂ ಸರದಿಯಂತೆ ಕಿವಿಗೆ ಬೀಳತೊಡಗಿದವು. ಇಪ್ಪತ್ತಮೂರು ನಿಮಿಷದ ನಂತರ ಸಿಕ್ಕಿದ ಯುವಕ ಸಭ್ಯ, ಆದರೆ ಅಸಹಾಯಕ. ಹಣ ಬಂದಿರುವುದು ಅವನ ಪರದೆಗೆ ಕಾಣುವುದಿಲ್ಲವಂತೆ; ಬ್ಯಾಂಕನ್ನು ಕೇಳಿ ಎಂದ. ಬ್ಯಾಂಕು, ‘ನಮ್ಮ ಕೆಲಸ ಮುಗಿದಿದೆ, ಸಂಸ್ಥೆಯನ್ನು ಕೇಳಿ’ ಎಂದಿತು. ಮರುದಿನ ಮೊಬೈಲಿಗೆ ಸಂದೇಶ: ‘ನಿಮ್ಮ ದೂರನ್ನು ಪರಿಹರಿಸಿ ಮುಕ್ತಾಯಗೊಳಿಸಲಾಗಿದೆ.’ ಪರಿಹರಿಸಿದವರು ಯಾರು, ಏನನ್ನು ಪರಿಹರಿಸಿದರು ಎಂಬ ವಿವರವಿಲ್ಲ. ಹೊಸ ದೂರು ಕೊಟ್ಟರೆ ಹೊಸ ಸಂಖ್ಯೆ, ಮತ್ತೆ ಮೊದಲಿನಿಂದ ಕಥೆ.

ಮೂರು ದಶಕಗಳ ಕಾಲ ಸರ್ಕಾರಿ ಕಡತಗಳ ನಡುವೆ ಬಾಳಿದ ನನಗೆ ಇಲ್ಲಿ ತಟ್ಟಿದ್ದು ವಿಳಂಬವಲ್ಲ. ವಿಳಂಬದ ವಿದ್ಯೆಯಲ್ಲಿ ಸರ್ಕಾರಿ ಕಚೇರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಎಂಥ ಜಡ ಕಚೇರಿಯಲ್ಲೂ ಅರ್ಜಿಯೊಂದು ಟಪಾಲಿನಲ್ಲಿ ಸಂಖ್ಯೆ ಪಡೆದು, ವಿಷಯ ನಿರ್ವಾಹಕನ ಮೇಜಿಗೆ ಹೋಗಿ, ಕೊನೆಗೆ ಒಂದು ಹಿಂಬರಹವಾಗಿ ಹೊರಬರುತ್ತದೆ. ‘ನಿಮ್ಮ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ’ ಎಂಬ ನಿರಾಕರಣೆಯೇ ಆಗಿರಲಿ, ಅದರ ಕೆಳಗೆ ಒಂದು ಸಹಿ, ಒಂದು ಹುದ್ದೆ, ಒಂದು ದಿನಾಂಕ ಇರುತ್ತವೆ. ಆ ಸಹಿಯನ್ನು ಹಿಡಿದು ಮೇಲ್ಮನವಿ ಸಲ್ಲಿಸಬಹುದು, ನ್ಯಾಯಾಲಯಕ್ಕೂ ಹೋಗಬಹುದು. ವಿಳಂಬ ಮಿತಿಮೀರಿದಾಗ ಅದಕ್ಕೂ ಕಾನೂನು ಬಂತು. ಕರ್ನಾಟಕದ ನಾಗರಿಕ ಸೇವಾ ಖಾತರಿ ಅಧಿನಿಯಮ 2011ರದ್ದು; ‘ಸಕಾಲ’ವಾಗಿ ರಾಜ್ಯದಾದ್ಯಂತ ಜಾರಿಯಾದುದು 2012ರಲ್ಲಿ. ಅರ್ಜಿದಾರನಿಗೆ ಹದಿನೈದು ಅಂಕಿಗಳ ಸಂಖ್ಯೆ, ಸೇವೆಗೆ ನಿಗದಿತ ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ. ಅದನ್ನು ವಸೂಲು ಮಾಡಬೇಕಾದುದು ತಪ್ಪಿತಸ್ಥ ನೌಕರನಿಂದ. ಮೊತ್ತ ಚಿಕ್ಕದೆಂದು ನಕ್ಕವರಿದ್ದರು. ನನ್ನ ಕೈಕೆಳಗಿನ ಸಿಬ್ಬಂದಿ ಮಾತ್ರ ನಗಲಿಲ್ಲ. ಇಪ್ಪತ್ತು ರೂಪಾಯಿಗಿಂತ ಹೆಚ್ಚಾಗಿ, ತಮ್ಮ ಹೆಸರು ಪಟ್ಟಿಯಲ್ಲಿ ಮೂಡುವುದು ಅವರಿಗೆ ಬೇಡವಾಗಿತ್ತು.

ಗ್ರಾಹಕ ಸೇವೆಯಲ್ಲಿ ಹೆಸರೇ ಇಲ್ಲ. ಎತ್ತಿಕೊಂಡವರು ಪ್ರತಿ ಬಾರಿ ಬೇರೆ, ಹೇಳುವ ಮಾತು ಪ್ರತಿ ಬಾರಿ ಒಂದೇ.

‘ಕರೆಗಳ ದಟ್ಟಣೆ ಅಧಿಕವಾಗಿರುವ ಕಾರಣ’ ಎಂಬ ಯಂತ್ರಧ್ವನಿಯ ಸಮಜಾಯಿಷಿಯನ್ನು ಸ್ವಲ್ಪ ಪರಿಶೀಲಿಸೋಣ. ಮಳೆ ಬಂದಂತೆ ದಟ್ಟಣೆಯೂ ತಾನಾಗಿ ಬಂದಿದೆ, ಯಾರೇನು ಮಾಡಲಾದೀತು ಎಂಬ ಧ್ವನಿ ಅದರಲ್ಲಿದೆ. ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞ 1909ರಲ್ಲೇ ಈ ವಿಷಯವಾಗಿ ಪ್ರಬಂಧ ಬರೆದ. 1917ರಲ್ಲಿ ಆತ ಪ್ರಕಟಿಸಿದ ಸೂತ್ರಗಳು, ಇಂತಿಷ್ಟು ಕರೆ ಬಂದರೆ ಇಂತಿಷ್ಟು ಜನರನ್ನು ಕೂರಿಸಿದಾಗ ಎಷ್ಟು ಹೊತ್ತು ಕಾಯಬೇಕಾದೀತೆಂದು ಮುಂಚಿತವಾಗಿ ಹೇಳುತ್ತವೆ. ಕಾಲ್ ಸೆಂಟರುಗಳು ಇಂದಿಗೂ ಸಿಬ್ಬಂದಿಯ ಲೆಕ್ಕ ಹಾಕುವುದು ಅದೇ ಸೂತ್ರಗಳ ಆಧಾರದ ಮೇಲೆ.

ಸರಳವಾದ ಒಂದು ಉದಾಹರಣೆ. ಕಿಟಕಿಯಲ್ಲಿ ಒಬ್ಬನೇ ನೌಕರ, ಪ್ರತಿಯೊಬ್ಬರಿಗೆ ಸರಾಸರಿ 5 ನಿಮಿಷ, ಜನರು ಬರುವ ವೇಳೆಗೆ ನಿಯಮವಿಲ್ಲ ಎಂದಿಟ್ಟುಕೊಳ್ಳಿ. ಆತ ತನ್ನ ವೇಳೆಯ ಶೇ 80ರಷ್ಟು ಭಾಗ ದುಡಿಯುತ್ತಿದ್ದರೆ ಸಾಲಿನಲ್ಲಿ ಸರಾಸರಿ 20 ನಿಮಿಷ ಕಾಯಬೇಕು. ಶೇ 90 ದುಡಿದರೆ 45 ನಿಮಿಷ. ಶೇ 95 ದುಡಿದರೆ 95 ನಿಮಿಷ. ನೌಕರನ ಬಿಡುವನ್ನು ಒಂದಿಷ್ಟು ಹಿಂಡಿದರೆ ಗ್ರಾಹಕನ ಕಾಯುವಿಕೆ ಹಲವು ಪಟ್ಟು ಉಬ್ಬುತ್ತದೆ. ನೂರಾರು ಜನ ಕುಳಿತ ದೊಡ್ಡ ಕೇಂದ್ರಗಳಲ್ಲಿ ಅಂಕಿಗಳು ಇಷ್ಟು ಕಠೋರವಾಗಿರುವುದಿಲ್ಲ, ಆದರೆ ಏರಿಕೆಯ ಸ್ವಭಾವ ಇದೇ. ಹಾಗಾಗಿ ನಾನು ಕಾದ ಇಪ್ಪತ್ತಮೂರು ನಿಮಿಷ ದೈವೇಚ್ಛೆಯಲ್ಲ. ಯಾವುದೋ ಕಚೇರಿಯಲ್ಲಿ, ಯಾವುದೋ ಹಾಳೆಯ ಮೇಲೆ, ಯಾರೋ ಒಪ್ಪಿಗೆ ಕೊಟ್ಟ ಅಂಕಿ. ಇನ್ನೂ ಹತ್ತು ಜನರಿಗೆ ಸಂಬಳ ಕೊಟ್ಟರೆ ಅದು ಕಂಪನಿಯ ಲೆಕ್ಕಪತ್ರದಲ್ಲಿ ವೆಚ್ಚವಾಗಿ ಕಾಣುತ್ತದೆ. ಸಾವಿರಾರು ಗ್ರಾಹಕರು ಕೊಳಲು ಕೇಳುತ್ತ ಕಳೆದ ಗಂಟೆಗಳು ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಕಾರ್ಖಾನೆಯ ಹೊಗೆಯ ಬಗ್ಗೆ ಅರ್ಥಶಾಸ್ತ್ರದ ಪಠ್ಯಗಳು ಹೇಳುವ ಮಾತು ಈ ಕೊಳಲಿಗೂ ಸಲ್ಲುತ್ತದೆ.

ಪೈಪೋಟಿಯಿರುವ ಮಾರುಕಟ್ಟೆಯಲ್ಲಿ ಇದು ಬಹುಕಾಲ ನಡೆಯದು, ಬೇಸತ್ತ ಗ್ರಾಹಕ ಇನ್ನೊಬ್ಬನ ಬಳಿಗೆ ಹೋಗುತ್ತಾನೆ ಎನ್ನುವವರಿದ್ದಾರೆ. ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಪ್ರಕಟಿಸಿದ ಪುಟ್ಟ ಪುಸ್ತಕವೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ಸಂಸ್ಥೆಯೊಂದು ಕೆಟ್ಟರೆ ಜನರಿಗೆ ಎರಡು ದಾರಿ: ಬಿಟ್ಟುಹೋಗುವುದು ಅಥವಾ ದನಿಯೆತ್ತುವುದು. ನೈಜೀರಿಯಾದ ರೈಲ್ವೆಯನ್ನು ಕಂಡ ಹರ್ಷ್‌ಮನ್‌ಗೆ ಒಂದು ವಿಚಿತ್ರ ಗೋಚರಿಸಿತು. ಪಕ್ಕದಲ್ಲೇ ಲಾರಿಗಳ ಪೈಪೋಟಿಯಿದ್ದರೂ ರೈಲ್ವೆ ಸುಧಾರಿಸಲಿಲ್ಲ. ಗಟ್ಟಿಯಾಗಿ ಜಗಳವಾಡಬಲ್ಲ ದೊಡ್ಡ ಗಿರಾಕಿಗಳೆಲ್ಲ ಲಾರಿಗೆ ಹೋಗಿಬಿಟ್ಟಿದ್ದರು, ಉಳಿದವರಿಗೆ ದನಿಯಿರಲಿಲ್ಲ. ನಮ್ಮಲ್ಲೂ ಅದೇ ಆಗುತ್ತಿದೆ. ಇಂಗ್ಲಿಷಿನಲ್ಲಿ ಖಾರವಾಗಿ ಬರೆದು, ಸಾಮಾಜಿಕ ಮಾಧ್ಯಮದಲ್ಲಿ ಸಂಸ್ಥೆಯ ಮಾನ ಹರಾಜು ಹಾಕಬಲ್ಲವನ ದೂರು ಎರಡು ಗಂಟೆಯಲ್ಲಿ ಬಗೆಹರಿಯುತ್ತದೆ. ಮಿಕ್ಕವರು ಕೊಳಲು ಕೇಳುತ್ತಿರುತ್ತಾರೆ. ಬಿಟ್ಟುಹೋಗುವುದಾದರೂ ಸುಲಭವೇ? ಸೇರಲು ಒಂದು ಗುಂಡಿ, ಬಿಡಲು ಏಳು ಪುಟ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ ಹದಿಮೂರು ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ; ಚಂದಾದ ಬಲೆಯಿಂದ ಹೊರಬರಲಾಗದಂತೆ ಮಾಡುವುದು ಅವುಗಳಲ್ಲೊಂದು. ಜರ್ಮನಿಯಲ್ಲಿ 2022ರ ಜುಲೈನಿಂದ, ಅಂತರ್ಜಾಲದಲ್ಲಿ ಚಂದಾ ಮಾರುವ ಸಂಸ್ಥೆ ಅದನ್ನು ರದ್ದುಪಡಿಸುವ ಗುಂಡಿಯನ್ನೂ ಎದ್ದುಕಾಣುವಂತೆ ಇಡಬೇಕೆಂಬ ಕಾನೂನಿದೆ.

ಇನ್ನು ಕಳ್ಳರ ವಿಷಯ. ನಮ್ಮ ಬಡಾವಣೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಒಬ್ಬರೇ ಇರುವುದು, ಮಗಳು ಹೊರದೇಶದಲ್ಲಿ. ಒಂದು ದಿನ ಅವರ ಫ್ರಿಜ್ ತಣ್ಣಗಾಗುವುದನ್ನು ನಿಲ್ಲಿಸಿತು. ತಯಾರಕರ ಜಾಲತಾಣದಲ್ಲಿ ಅವರಿಗೆ ಕಂಡದ್ದು ಚಾಟ್‌ಬಾಟ್ ಮಾತ್ರ. ದೂರವಾಣಿ ಸಂಖ್ಯೆಗಾಗಿ ಅಂತರ್ಜಾಲದಲ್ಲಿ ಹುಡುಕಿದರು, ಮೊದಲಿಗೆ ಕಂಡ ಸಂಖ್ಯೆಗೆ ಕರೆ ಮಾಡಿದರು. ಅದು ವಂಚಕರದು. ಸೇವಾ ನೋಂದಣಿಗೆ ಕೇವಲ ಹತ್ತು ರೂಪಾಯಿ ಎಂದರು. ಕಳುಹಿಸಿದ ಕೊಂಡಿಯಿಂದ ಒಂದು ಆ್ಯಪ್ ಇಳಿಸಿಕೊಳ್ಳಲು ಹೇಳಿದರು. ಅವರ ಮೊಬೈಲಿನ ಪರದೆ ಆ ಕಡೆಯವರಿಗೆ ಕಾಣತೊಡಗಿತ್ತು. ಮೂರು ಕಂತಿನಲ್ಲಿ 86,000 ರೂಪಾಯಿ ಹೋಯಿತು. ವಿಷಯ ತಿಳಿದು ಅವರ ಮನೆಗೆ ಹೋದಾಗ ಅವರು ಹೇಳಿದ ಮಾತು ನನ್ನನ್ನು ಇಂದಿಗೂ ಕಾಡುತ್ತಿದೆ: ‘ಒಂದೇ ರಿಂಗಿಗೆ ಫೋನ್ ತೆಗೆದ ಸಾರ್. ಕನ್ನಡದಲ್ಲೇ ಮಾತಾಡಿದ. ಅಮ್ಮಾ, ಗಾಬರಿಯಾಗಬೇಡಿ, ಸಂಜೆಯೊಳಗೆ ಹುಡುಗನನ್ನು ಕಳಿಸುತ್ತೇನೆ ಎಂದ.’

ಒಳ್ಳೆಯ ಗ್ರಾಹಕ ಸೇವೆಯ ಲಕ್ಷಣಗಳೆಲ್ಲವೂ ಆ ವಂಚಕನಲ್ಲಿದ್ದವು. ಅಸಲಿ ಸಂಸ್ಥೆಯ ಶುಲ್ಕರಹಿತ ಸಂಖ್ಯೆ ಇತ್ತೇ? ಇತ್ತು. ಫ್ರಿಜ್ಜಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು.

ಇಂಥ ಸುದ್ದಿ ಬಂದಾಗಲೆಲ್ಲ, ‘ವಯಸ್ಸಾದವರು ಎಚ್ಚರವಾಗಿರಬೇಕು’ ಎಂಬ ಉಪದೇಶ ಧಾರಾಳವಾಗಿ ಸಿಗುತ್ತದೆ. ಎಚ್ಚರ ಬೇಕು ನಿಜ. ಆದರೆ ತಾಲ್ಲೂಕು ಕಚೇರಿಯ ಮುಂದೆ ದಲ್ಲಾಳಿ ಏಕೆ ಹುಟ್ಟುತ್ತಾನೆಂದು ಬಲ್ಲ ನನಗೆ ಈ ಉಪದೇಶ ಅರ್ಧಸತ್ಯವೆಂದು ತೋರುತ್ತದೆ. ಗುಮಾಸ್ತ ಕುರ್ಚಿಯಲ್ಲಿ ಇಲ್ಲದ ದಿನ ದಲ್ಲಾಳಿಗೆ ಸುಗ್ಗಿ. ಯಾವ ಅರ್ಜಿ, ಯಾವ ಕೊಠಡಿ, ಎಷ್ಟು ಶುಲ್ಕ ಎಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ, ಕಿಟಕಿಯನ್ನು ವೇಳೆಗೆ ಸರಿಯಾಗಿ ತೆರೆದರೆ ಅವನ ಆದಾಯ ಕುಸಿಯುತ್ತದೆ. ನಾನಿದನ್ನು ಎರಡು ತಾಲ್ಲೂಕುಗಳಲ್ಲಿ ಮಾಡಿ ನೋಡಿದ್ದೇನೆ. ಸಾಲುಸಾಲು ಜಾಹೀರಾತು ಕೊಡುವ ಸಂಸ್ಥೆ ತನ್ನ ದೂರವಾಣಿ ಸಂಖ್ಯೆಯನ್ನು ಮಾತ್ರ ಅಡಗಿಸಿಟ್ಟರೆ, ಖಾಲಿ ಬಿದ್ದ ಆ ಜಾಗದಲ್ಲಿ ವಂಚಕ ತನ್ನ ಫಲಕ ತೂಗುಹಾಕುತ್ತಾನೆ. ಹುಡುಕಾಟದ ಯಂತ್ರಗಳೂ ನಕ್ಷೆಗಳೂ ಅವನಿಗೆ ನೆರವಾಗಿವೆ. ಗೂಗಲ್ ನಕ್ಷೆಯಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದೆಂಬ ಸೌಲಭ್ಯವನ್ನು ಬಳಸಿ, ಬ್ಯಾಂಕ್ ಶಾಖೆಗಳ ದೂರವಾಣಿ ಸಂಖ್ಯೆಯ ಬದಲು ವಂಚಕರು ತಮ್ಮದೇ ಸಂಖ್ಯೆ ಸೇರಿಸಿದ ಪ್ರಕರಣಗಳು 2018ರಲ್ಲಿ ಮಹಾರಾಷ್ಟ್ರದಲ್ಲಿ ಬೆಳಕಿಗೆ ಬಂದಿದ್ದವು. ಬ್ಯಾಂಕಿನ ಹೆಸರು ಸರಿ, ವಿಳಾಸ ಸರಿ, ಕಟ್ಟಡದ ಚಿತ್ರ ಸರಿ. ಸಂಖ್ಯೆಯೊಂದು ಮಾತ್ರ ಕಳ್ಳನದು. ಎಷ್ಟು ಎಚ್ಚರವಿದ್ದರೆ ಸಾಕು?

ನಿಯಂತ್ರಕರು ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಬ್ಯಾಂಕುಗಳ ಜಾಲತಾಣಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ವಿಧಿಸಿತ್ತು. ಬ್ಯಾಂಕುಗಳು ಗ್ರಾಹಕರಿಗೆ ಮಾಡುವ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನು ಮೀಸಲಿಡಲಾಗಿದೆ. ಇವು ಒಳ್ಳೆಯ ಕ್ರಮಗಳೇ. ಆದರೆ ಇವು ಬ್ಯಾಂಕುಗಳಿಗೆ ಸಂಬಂಧಿಸಿದವು. ಫ್ರಿಜ್ಜು, ಪ್ರಯಾಣದ ಟಿಕೆಟ್ಟು, ಕೊರಿಯರ್ ಪೊಟ್ಟಣಗಳ ಹೆಸರಿನಲ್ಲಿ ನಡೆಯುವ ವಂಚನೆಗೆ ಇಂಥ ಬೇಲಿಯಿಲ್ಲ.

ಈ ಕಥೆಯಲ್ಲಿ ಬೆಂಗಳೂರಿನ ಪಾತ್ರವನ್ನು ನೆನೆದರೆ ನಗುವೂ ಬರುತ್ತದೆ, ಬೇಸರವೂ ಆಗುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಮನೆಗಳ ಹುಡುಗ ಹುಡುಗಿಯರು ರಾತ್ರಿಯೆಲ್ಲ ಎಚ್ಚರವಿದ್ದು, ಅಮೆರಿಕದ ಉಚ್ಚಾರಣೆ ಕಲಿತು, ಹೆಸರನ್ನೂ ಬದಲಿಸಿಕೊಂಡು, ಸಾಗರದಾಚೆಯ ಅಪರಿಚಿತರ ಕ್ರೆಡಿಟ್ ಕಾರ್ಡಿನ ಗೊಂದಲವನ್ನೂ ಕೆಟ್ಟ ಪ್ರಿಂಟರನ್ನೂ ತಾಳ್ಮೆಯಿಂದ ಸರಿಪಡಿಸುತ್ತಿದ್ದರು. ಮುಂಜಾವಿನ ನಾಲ್ಕಕ್ಕೆ ಬಡಾವಣೆಯೊಳಗೆ ನುಗ್ಗುತ್ತಿದ್ದ ಆ ಸುಮೋ ಗಾಡಿಗಳು ಯಾರಿಗೆ ನೆನಪಿಲ್ಲ? ಪ್ರಪಂಚದ ದೂರು ಆಲಿಸುವುದನ್ನು ವೃತ್ತಿಯಾಗಿಸಿಕೊಂಡ ಊರಿನಲ್ಲಿ, ಕನ್ನಡದ ವೃದ್ಧೆಯೊಬ್ಬರ ದೂರು ಆಲಿಸಿದ್ದು ಕಳ್ಳ.

ಕರೆ ಎತ್ತಿಕೊಳ್ಳುವ ಯುವಕರ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ. ಒಂದು ಕರೆ ಎಷ್ಟು ನಿಮಿಷದೊಳಗೆ ಮುಗಿಯಬೇಕೆಂಬ ಗಡಿಯಾರ ಅವರ ತಲೆಯ ಮೇಲಿರುತ್ತದೆ. ಏನು ಹೇಳಬೇಕೆಂಬ ಪಾಠ ಮುಂದಿನ ಪರದೆಯಲ್ಲಿರುತ್ತದೆ. ನೂರು ರೂಪಾಯಿ ಹಿಂದಿರುಗಿಸುವ ಅಧಿಕಾರವೂ ಬಹುತೇಕರಿಗಿಲ್ಲ. ನನ್ನ ಕರೆ ತೆಗೆದ ಯುವಕನನ್ನು ಅವನ ಊರು ಯಾವುದೆಂದು ಕೇಳಿದೆ. ಅದನ್ನು ಹೇಳಲು ಅನುಮತಿಯಿಲ್ಲ ಸಾರ್ ಎಂದ. ಕರೆ ಮುಗಿದ ಮೇಲೆ ಅವನ ಸೇವೆಗೆ ಅಂಕ ಕೊಡಿ ಎಂಬ ಸಂದೇಶ ಬಂತು. ಕಡಿಮೆ ಅಂಕ ಕೊಟ್ಟರೆ ಪೆಟ್ಟು ಬೀಳುವುದು ಅವನಿಗೆ. ಸಿಬ್ಬಂದಿ ಕಡಿತ ಮಾಡಿದವನಿಗೆ ಅಂಕ ಕೊಡುವ ಏರ್ಪಾಡು ಎಲ್ಲಿಯೂ ಇಲ್ಲ.

ಕೃತಕ ಬುದ್ಧಿಮತ್ತೆ ಇದನ್ನೆಲ್ಲ ಸರಿಪಡಿಸೀತೆಂಬ ಭರವಸೆ ಈಗ ಕೇಳಿಬರುತ್ತಿದೆ. ತಂತ್ರಜ್ಞಾನದ ಅಭಿಮಾನಿಯಾಗಿ ನನಗೆ ಅದರಲ್ಲಿ ಪೂರ್ತಿ ಅವಿಶ್ವಾಸವಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ತಕ್ಕಮಟ್ಟಿಗೆ ಉತ್ತರಿಸುವ ಯಂತ್ರಗಳನ್ನು ನಾನೇ ದಿನವೂ ಬಳಸುತ್ತೇನೆ. ಆದರೆ ಹೊಣೆಯ ಪ್ರಶ್ನೆ ಬೇರೆ. ಕೆನಡಾದಲ್ಲಿ ಬಂಧುವನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್, ಟಿಕೆಟ್ ಕೊಂಡ ನಂತರವೂ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ತಪ್ಪು ಮಾಹಿತಿ ಕೊಟ್ಟಿತು. ಹಣ ಕೇಳಿದಾಗ ಸಂಸ್ಥೆ ಮಂಡಿಸಿದ ವಾದ ಸ್ವಾರಸ್ಯಕರವಾದುದು: ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ! ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಈ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಅದೇ ತಿಂಗಳು ಸ್ವೀಡನ್ನಿನ ಕ್ಲಾರ್ನಾ ಎಂಬ ಹಣಕಾಸು ಸಂಸ್ಥೆ, ತನ್ನ ಯಂತ್ರ 700 ನೌಕರರಷ್ಟು ಕೆಲಸ ಮಾಡುತ್ತಿದೆಯೆಂದು ಹೆಮ್ಮೆಯಿಂದ ಪ್ರಕಟಿಸಿತ್ತು. 2025ರಲ್ಲಿ ಅದರ ಮುಖ್ಯಸ್ಥರೇ, ಗುಣಮಟ್ಟ ಕುಸಿದಿದೆಯೆಂದು ಒಪ್ಪಿ, ಮಾತನಾಡಲು ಮನುಷ್ಯ ಸಿಗಲೇಬೇಕೆಂದು ಮತ್ತೆ ನೇಮಕಾತಿಗೆ ತೊಡಗಿದರು.

ನಮ್ಮಲ್ಲಿ ಕಾನೂನಿನ ಕೊರತೆಯಿದೆಯೇ? ಅಷ್ಟಾಗಿ ಇಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಇ–ವಾಣಿಜ್ಯ ನಿಯಮಗಳ ಪ್ರಕಾರ, ಅಂತರ್ಜಾಲದಲ್ಲಿ ಮಾರಾಟ ಮಾಡುವ ಪ್ರತಿ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕ ವಿವರಗಳನ್ನು ಪ್ರಕಟಿಸಬೇಕು. 48 ಗಂಟೆಯೊಳಗೆ ದೂರಿನ ಸ್ವೀಕೃತಿ ಕೊಡಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು. ನೀರಿನ ಯಂತ್ರದ ಸಂಸ್ಥೆಯ ಜಾಲತಾಣದ ತಳದಲ್ಲಿ, ಇರುವೆ ಗಾತ್ರದ ಅಕ್ಷರಗಳ ನಡುವೆ, ನಾಲ್ಕನೆಯ ಕೊಂಡಿಯ ಒಳಗೆ ಅಂಥದೊಂದು ಹೆಸರು ಸಿಕ್ಕಿತು. ನಿಯಮವನ್ನು ಉಲ್ಲೇಖಿಸಿ ಆ ಅಧಿಕಾರಿಗೆ ಹನ್ನೆರಡು ಸಾಲಿನ ಇ–ಮೇಲ್ ಬರೆದೆ. ಎರಡನೆಯ ದಿನ ಉತ್ತರ ಬಂತು, ಆರನೆಯ ದಿನ ಒಪ್ಪಂದ ನವೀಕರಣವಾಯಿತು. ಚಾಟ್‌ಬಾಟ್ ಹತ್ತೊಂಬತ್ತು ದಿನದಲ್ಲಿ ಮಾಡದ ಕೆಲಸವನ್ನು, ಹೆಸರುಳ್ಳ ಒಬ್ಬ ವ್ಯಕ್ತಿ ಆರು ದಿನದಲ್ಲಿ ಮಾಡಿದರು. ಆ ಹೆಸರು ಆ್ಯಪ್‌ನ ‘ಸಹಾಯ’ ಗುಂಡಿಯ ಪಕ್ಕದಲ್ಲೇ ಇರಬೇಕು ಎಂಬುದು ನನ್ನ ವಾದ.

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ ಹಾಕಿಕೊಟ್ಟ ಮಾದರಿಯೊಂದು ಅನುಕರಣೀಯ. ಯುಪಿಐನಲ್ಲಿ ಒಬ್ಬರ ಖಾತೆಯಿಂದ ಕಡಿತವಾದ ಹಣ ಇನ್ನೊಬ್ಬರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನು ಗ್ರಾಹಕ ಕೇಳದಿದ್ದರೂ ಕೊಡಬೇಕು. ನನ್ನ ವಿಫಲ ವಹಿವಾಟುಗಳು ಎರಡು ಬಾರಿ ಹೀಗೆ ಸದ್ದಿಲ್ಲದೆ ಹಿಂದಿರುಗಿವೆ. ತಪ್ಪಿಗೆ ಬೆಲೆ ಕಟ್ಟಿದಲ್ಲಿ ಯಂತ್ರ ತಾನಾಗಿಯೇ ಚುರುಕಾಗುತ್ತದೆ. ಮಾರಾಟಗಾರರಿಗೂ ಸೇವಾ ಸಂಸ್ಥೆಗಳಿಗೂ ಇದೇ ತತ್ತ್ವ ಅನ್ವಯವಾಗಬೇಕು. ಗ್ರಾಹಕ ಒಪ್ಪದೆ ದೂರನ್ನು ‘ಮುಕ್ತಾಯ’ಗೊಳಿಸುವುದನ್ನು ನಿಷೇಧಿಸಬೇಕು. ದೂರವಾಣಿ ಸಂಖ್ಯೆ ಬಿಲ್ಲಿನ ಮೇಲೆ, ವಸ್ತುವಿನ ಮುಂಭಾಗದಲ್ಲಿ, ಆ್ಯಪ್‌ನ ಮೊದಲ ಪುಟದಲ್ಲಿ ಇರಬೇಕು. ಕರ್ನಾಟಕದಲ್ಲಿ ಮಾರುವವರು ಕನ್ನಡದಲ್ಲಿ ಉತ್ತರಿಸಬಲ್ಲ ಒಬ್ಬರನ್ನಾದರೂ ಕೂರಿಸಬೇಕು. ವಂಚಕನಿಗೆ ಸಾಧ್ಯವಾದುದು ಕೋಟ್ಯಂತರ ವಹಿವಾಟಿನ ಸಂಸ್ಥೆಗೆ ಅಸಾಧ್ಯವೇನಲ್ಲ. ಪ್ರತಿ ಸಂಸ್ಥೆಯ ಸರಾಸರಿ ಕಾಯುವ ಅವಧಿ ಪ್ರಕಟವಾದರೆ ಕೊಳ್ಳುವವನು ಬೆಲೆಯ ಜೊತೆಗೆ ಅದನ್ನೂ ನೋಡಿಯಾನು. ಆ ಅಂಕಿಅಂಶ ಅವರ ಬಳಿ ಈಗಲೂ ಇದೆ. ನಮಗೆ ತೋರಿಸುತ್ತಿಲ್ಲ, ಅಷ್ಟೇ.

ಅಲ್ಲಿಯವರೆಗೆ ಇರುವ ದಾರಿಗಳನ್ನೇ ಬಳಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬ್ಯಾಂಕು ಮೂವತ್ತು ದಿನದೊಳಗೆ ತೃಪ್ತಿಕರವಾಗಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ವಕೀಲರಿಲ್ಲದೆ, ಅಂತರ್ಜಾಲದ ಮೂಲಕವೇ ಪ್ರಕರಣ ದಾಖಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಹಣ ಕಳೆದುಕೊಂಡವರು ಮೊದಲು ಒತ್ತಬೇಕಾದ ಸಂಖ್ಯೆ 1930. ಎಷ್ಟು ಬೇಗ ತಿಳಿಸಿದರೆ ಅಷ್ಟರಮಟ್ಟಿಗೆ ಹಣವನ್ನು ಮಧ್ಯದಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಮ್ಮ ಶಿಕ್ಷಕಿಯವರ ವಿಷಯ ಆ ಸಹಾಯವಾಣಿಗೆ ಮುಟ್ಟಿದ್ದು ಎರಡು ಗಂಟೆ ಕಳೆದ ಮೇಲೆ. ಮೂರನೆಯ ಕಂತಿನ ಹಣ ಮಾತ್ರ ತಡೆಗೆ ಸಿಕ್ಕಿತು.

ಆ ಘಟನೆಯ ನಂತರ ಬಡಾವಣೆಯ ಹಿರಿಯರು ನಾಲ್ಕೈದು ಜನ ಸೇರಿ ಒಂದು ಪಟ್ಟಿ ತಯಾರಿಸಿದೆವು. ಬ್ಯಾಂಕು, ಅಡುಗೆ ಅನಿಲ, ವಿದ್ಯುತ್ತು, ದೂರಸಂಪರ್ಕ, ಗೃಹೋಪಯೋಗಿ ವಸ್ತು, ಅಂತರ್ಜಾಲ ಮಳಿಗೆ ಎಲ್ಲ ಸೇರಿ ಮೂವತ್ತೊಂದು ಸಂಸ್ಥೆಗಳು. ಸಂಖ್ಯೆಗಳನ್ನು ಅಂತರ್ಜಾಲದಿಂದ ತೆಗೆಯಬಾರದು, ಬಿಲ್ಲು, ಡೆಬಿಟ್ ಕಾರ್ಡಿನ ಬೆನ್ನು, ಖಾತರಿ ಪತ್ರ ಇವುಗಳಿಂದಲೇ ನಕಲು ಮಾಡಬೇಕೆಂಬುದು ನಮ್ಮ ನಿಯಮವಾಗಿತ್ತು. ಪ್ರತಿ ಸಂಖ್ಯೆಗೂ ನಾವೇ ಕರೆ ಮಾಡಿ ಪರೀಕ್ಷಿಸಿದೆವು. ದಪ್ಪ ಅಕ್ಷರದಲ್ಲಿ ಮುದ್ರಿಸಿ ಉದ್ಯಾನದ ಗೇಟಿನ ಬಳಿಯ ಫಲಕದಲ್ಲಿ ಅಂಟಿಸಿದ್ದೇವೆ. ಒಂದು ಪ್ರತಿ ಪ್ರತಿ ಮನೆಯ ಫ್ರಿಜ್ಜಿನ ಬಾಗಿಲ ಮೇಲಿದೆ. ಮೂವತ್ತೊಂದರಲ್ಲಿ ಒಂಬತ್ತು ಸಂಸ್ಥೆಗಳ ಹೆಸರಿನ ಮುಂದೆ ಬರೆಯಲು ನಮಗೆ ಯಾವ ಸಂಖ್ಯೆಯೂ ಸಿಗಲಿಲ್ಲ. ಆ ಒಂಬತ್ತರ ಕುಂದುಕೊರತೆ ಅಧಿಕಾರಿಗಳಿಗೆ ಪತ್ರ ಬರೆದಿದ್ದೇವೆ. ಈವರೆಗೆ ಉತ್ತರ ಬಂದಿರುವುದು ಇಬ್ಬರಿಂದ.